ಬೋರು ಮುಚ್ಚುವ ಮೊದಲು ಫ್ಯೂಜು ನೋಡಬೇಕು

ತಿಕೋಟಾದ ಒಂದು ಒಕ್ಕಲುತನದ ಮನೆ. ಅಜ್ಜಿ ತೀರಿಕೊಂಡು ವರ್ಷ ತುಂಬಲು ಇನ್ನು ಎಂಟೇ ದಿನ ಉಳಿದಿತ್ತು. ಬಂಧುಬಳಗಕ್ಕೆಲ್ಲ ಹೇಳಿ ಕಳಿಸಿ ಆಗಿತ್ತು. ಅಂದು ರಾತ್ರಿ ಊಟವಾದ ಮೇಲೆ ತಂದೆ ಮಗನನ್ನು ಕರೆದು, "ತಮ್ಮಾ, ಅವತ್ತ ಮಂದಿ ಕುಂತಾಗ ಅವ್ವನ ಹಾಡ ಹಚ್ಚು. ಎಲ್ಲಾರೂ ಕೇಳಲಿ" ಎಂದರು.

ಬೀಸುವ ಕಲ್ಲಿನ ಮುಂದೆ ಕುಳಿತು ಅಜ್ಜಿ ಹಾಡಿದ ಹನ್ನೊಂದು ಹಾಡುಗಳನ್ನು ಮೊಮ್ಮಗ ಹಿಂದೊಮ್ಮೆ ಫೋನಿನಲ್ಲಿ ಹಿಡಿದಿಟ್ಟಿದ್ದ. ಅವನ್ನು ಕಂಪ್ಯೂಟರಿನ ಹಾರ್ಡ್ ಡಿಸ್ಕಿಗೆ ಸಾಗಿಸಿ ಫೋನನ್ನು ಖಾಲಿ ಮಾಡಿದ್ದ. ಆ ಮೇಲೆ ಫೋನೂ ಒಡೆದು ಹೋಯಿತು. ಹೀಗಾಗಿ ಜಗತ್ತಿನಲ್ಲಿ ಆ ಹಾಡುಗಳು ಇದ್ದದ್ದು ಒಂದೇ ಕಡೆ, ಆ ಹಾರ್ಡ್ ಡಿಸ್ಕಿನಲ್ಲಿ.

ಹುಡುಗ ವಿಜಯಪುರದ ಕಾಲೇಜಿನಲ್ಲಿ ಬಿ.ಎಸ್‌ಸಿ. ಓದುತ್ತಾನೆ. ಕಂಪ್ಯೂಟರು ತೀರ ನಿಧಾನವಾಯಿತೆಂದು ಒಂದು ತಿಂಗಳ ಹಿಂದೆ ಅದನ್ನು ನಗರದ ಅಂಗಡಿಯೊಂದಕ್ಕೆ ಒಯ್ದಿದ್ದ. ಅಂಗಡಿಯವರು ಹೊಸ ಎಸ್‌ಎಸ್‌ಡಿ ಕೂಡಿಸಿ, ಹಳೆಯ ಡಿಸ್ಕಿನ 'ಸಿ' ಭಾಗವನ್ನು ಅದರ ಮೇಲೆ ಪಡಿಯಚ್ಚು ಇಳಿಸಿ, ಹಳೆಯ ಡಿಸ್ಕನ್ನು ಬಿಚ್ಚಿ ಚೀಲದಲ್ಲಿ ಹಾಕಿ ಕೊಟ್ಟಿದ್ದರು. ಹಾಡುಗಳಿದ್ದದ್ದು 'ಡಿ' ಭಾಗದಲ್ಲಿ. ಅದು ಹಳೆಯ ಡಿಸ್ಕಿನಲ್ಲಿಯೇ ಉಳಿದಿತ್ತು.

ಹುಡುಗ ಪೆಟ್ಟಿಗೆ ಬಿಚ್ಚಿ ಹಳೆಯ ಡಿಸ್ಕನ್ನು ಮತ್ತೆ ಜೋಡಿಸಿದ. ಕಂಪ್ಯೂಟರು ಚಾಲೂ ಆಯಿತು. ಆದರೆ ಹಳೆಯ ಡಿಸ್ಕು ಎಲ್ಲಿಯೂ ಕಾಣಲಿಲ್ಲ. ಆರಿಸಿ ಹಚ್ಚಿದ, ಕೇಬಲ್ ತೆಗೆದು ಹಾಕಿದ. ಊಹೂಂ! ಫೋನಿನಲ್ಲಿ ವಿಡಿಯೊ ಒಂದನ್ನು ಹುಡುಕಿ ತೆಗೆದ. ಅದರಲ್ಲಿದ್ದವನು, ಕಪ್ಪು ಕಿಟಕಿಯೊಂದನ್ನು ತೆರೆದು ಡಿಸ್ಕನ್ನು ಆರಿಸಿಕೊಂಡು 'ಕ್ಲೀನ್' ಎಂದು ಬರೆಯಿರಿ, ಡಿಸ್ಕು ತಾನಾಗಿ ಕಾಣುತ್ತದೆ ಎಂದ. ಕಪ್ಪು ಕಿಟಕಿಯಲ್ಲಿ ಡಿಸ್ಕಿನ ಹೆಸರಿನ ಮುಂದೆ 'ಆಫ್‌ಲೈನ್' ಎಂಬ ಶಬ್ದವಿತ್ತು. ಇಂಟರ್‌ನೆಟ್ ಇಲ್ಲ ಎಂದಿರಬೇಕು ಎಂದುಕೊಂಡು ಹುಡುಗ ಅದನ್ನು ದಾಟಿ ಹೋದ. ಐದು ಅಕ್ಷರ ಬರೆದು ಎಂಟರ್ ಕೀಲಿಯ ಮೇಲೆ ಬೆರಳಿಟ್ಟ.

"ಏನ ಬರದಿ?" ಎಂದರು ಹಿಂದೆ ನಿಂತಿದ್ದ ತಂದೆ.

"ಕ್ಲೀನ್ ಅಂತ ಬರದೀನಪ್ಪಾ."

"ಅಂದ್ರ ಏನ ಸ್ವಚ್ಛ ಆಗ್ತದ?"

ಹುಡುಗ ಉತ್ತರ ಕೊಡಲಿಲ್ಲ. ಅವನಿಗೂ ಗೊತ್ತಿರಲಿಲ್ಲ.

ತಂದೆಗೆ ಕಂಪ್ಯೂಟರು ತಿಳಿಯದು. ದ್ರಾಕ್ಷಿ ಪಡದಲ್ಲಿ ಮೋಟರು ಕೈಕೊಟ್ಟರೆ ಏನು ಮಾಡಬೇಕೆಂಬುದು ಮಾತ್ರ ಚೆನ್ನಾಗಿ ಗೊತ್ತು. ಅವರೆಂದರು: "ಬೋರಿನ ನೀರ ಬರಲಿಲ್ಲಂದ್ರ ಮೊದ್ಲ ಫ್ಯೂಜ್ ನೋಡ್ತೀವಿ, ಸ್ಟಾರ್ಟರ್ ನೋಡ್ತೀವಿ, ಕೇಬಲ್ ನೋಡ್ತೀವಿ. ನೀರ ಬರವಲ್ದು ಅಂತ ಬೋರಿನ್ಯಾಗ ಮಣ್ಣ ತುಂಬಂಗಿಲ್ಲ. ಬೆರಳ ತಗಿ."

ಹುಡುಗ ಬೆರಳು ತೆಗೆದ. ಆ ಕೀಲಿ ಒತ್ತಿದ್ದರೆ ಏನಾಗುತ್ತಿತ್ತು? 'ಕ್ಲೀನ್' ಎಂಬ ಆಜ್ಞೆ ಡಿಸ್ಕಿನ ಯಾವ ಭಾಗ ಎಲ್ಲಿ ಆರಂಭವಾಗಿ ಎಲ್ಲಿ ಮುಗಿಯುತ್ತದೆ ಎಂಬ ಪಟ್ಟಿಯನ್ನೇ ಅಳಿಸಿಬಿಡುತ್ತದೆ. "ಖರೇನೇ ಅಳಿಸಲೇನು?" ಎಂದು ಕೇಳುವುದೂ ಇಲ್ಲ. ಪಟ್ಟಿ ಹೋದ ಮೇಲೆ ಒಳಗಿನ ಸರಕನ್ನು ಹೆಕ್ಕಿ ತೆಗೆಯುವ ವಿಧಾನಗಳಿವೆ, ನಿಜ. ಆದರೆ ಅದು ಖರ್ಚಿನ ಕೆಲಸ, ಫಲವೂ ಖಾತ್ರಿಯಲ್ಲ.

ಮರುದಿನ ಹುಡುಗ ಡಿಸ್ಕನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಬಬಲೇಶ್ವರಕ್ಕೆ, ಸೋದರಮಾವನ ಮನೆಗೆ ಹೋದ. ಅಲ್ಲಿ ಹಳೆಯ ಕಂಪ್ಯೂಟರೊಂದಿತ್ತು. ಡಿಸ್ಕನ್ನು ಅದಕ್ಕೆ ಜೋಡಿಸಿ ಚಾಲೂ ಮಾಡಿದರೆ, ಏನಾಶ್ಚರ್ಯ! ಎರಡೂ ಭಾಗಗಳು ತೆರೆದುಕೊಂಡವು. ಹನ್ನೊಂದು ಹಾಡುಗಳೂ ಇದ್ದವು. ಹುಡುಗ ಕುಣಿಯುವುದರಲ್ಲಿದ್ದ. ಮಾವ, "ಅಳಿಯಾ, ಮೊದ್ಲ ಪೆನ್ ಡ್ರೈವಿಗೆ ಇಳಿಸ್ಕೋ. ನಕ್ಕೋತ ಆಮ್ಯಾಲ ಕೂಡೂಣು" ಎಂದರು. ಅದೂ ಸರಿಯಾದ ಮಾತೇ.

ಇಲ್ಲಿ ವಿಜ್ಞಾನದ ವಿದ್ಯಾರ್ಥಿಗಳು ಗಮನಿಸಬೇಕಾದದ್ದೊಂದಿದೆ. ಡಿಸ್ಕು ಅದೇ, ಕಂಪ್ಯೂಟರು ಮಾತ್ರ ಬೇರೆ. ಪ್ರಯೋಗಶಾಲೆಯಲ್ಲಿ ಮಾಡುವಂತೆ ಒಂದೇ ಒಂದನ್ನು ಬದಲಿಸಿ ನೋಡಿದಾಗ ದೋಷ ಡಿಸ್ಕಿನಲ್ಲಿಲ್ಲ ಎಂಬುದು ಸಿದ್ಧವಾಯಿತು. ಹಾಗಾದರೆ ತಿಕೋಟಾದ ಕಂಪ್ಯೂಟರಿಗೆ ಅದೇಕೆ ಕಾಣಲಿಲ್ಲ?

ಪ್ರತಿ ಡಿಸ್ಕಿಗೂ ಒಂದು ಗುರುತಿನ ಸಂಖ್ಯೆ ಇರುತ್ತದೆ. ಹಳೆಯ ಪದ್ಧತಿಯ ಡಿಸ್ಕುಗಳಲ್ಲಿ ಇದು ಮೊಟ್ಟಮೊದಲ 512 ಬೈಟುಗಳ ತುಣುಕಿನಲ್ಲಿ, ಬರೀ 4 ಬೈಟುಗಳಷ್ಟು ಜಾಗದಲ್ಲಿ ಬರೆದಿರುತ್ತದೆ. ಅಂಗಡಿಯಲ್ಲಿ ಪಡಿಯಚ್ಚು ಇಳಿಸುವಾಗ ಈ ಸಂಖ್ಯೆಯೂ ಹೊಸ ಎಸ್‌ಎಸ್‌ಡಿಗೆ ಇಳಿದಿತ್ತು. ತರಗತಿಯಲ್ಲಿ ಇಬ್ಬರು ಹುಡುಗರು ಒಂದೇ ಹಾಜರಿ ಸಂಖ್ಯೆಗೆ "ಹಾಜರ್ ಸರ್" ಎಂದರೆ ಮಾಸ್ತರರು ಏನು ಮಾಡುತ್ತಾರೆ? ಒಬ್ಬನನ್ನು ಒಳಗಿಟ್ಟುಕೊಂಡು ಇನ್ನೊಬ್ಬನಿಗೆ, "ನೀ ಸ್ವಲ್ಪ ಹೊರಗ ನಿಂದ್ರು" ಎನ್ನುತ್ತಾರೆ. ವಿಂಡೋಸ್ ಮಾಡಿದ್ದೂ ಇದನ್ನೇ. 'ಆಫ್‌ಲೈನ್' ಎಂಬ ಶಬ್ದದ ಅರ್ಥ ಅಲ್ಲಿ ಇಷ್ಟೇ. ಬಬಲೇಶ್ವರದ ಕಂಪ್ಯೂಟರಿನಲ್ಲಿ ಆ ಸಂಖ್ಯೆಯ ಇನ್ನೊಂದು ಡಿಸ್ಕು ಇರಲಿಲ್ಲ, ಅದಕ್ಕೇ ತಕರಾರೂ ಇರಲಿಲ್ಲ.

ಹಾಡುಗಳ ಪ್ರತಿ ಕೈಯಲ್ಲಿದ್ದುದರಿಂದ ಹುಡುಗ ಧೈರ್ಯವಾಗಿ ಮನೆಗೆ ಬಂದು 'ಡಿಸ್ಕ್ ಮ್ಯಾನೇಜ್‌ಮೆಂಟ್' ಎಂಬ ಪುಟ ತೆರೆದ. ಡಿಸ್ಕಿನ ಹೆಸರಿನ ಮೇಲೆ ಮೌಸಿನ ಬಲಗುಂಡಿ ಒತ್ತಿ 'ಆನ್‌ಲೈನ್' ಎಂಬುದನ್ನು ಆರಿಸಿದ. ವಿಂಡೋಸ್ ಆ ಡಿಸ್ಕಿಗೆ ಬೇರೆ ಸಂಖ್ಯೆ ಕೊಟ್ಟು ಒಳಗೆ ಕರೆದುಕೊಂಡಿತು. ಅರ್ಧ ನಿಮಿಷದ ಕೆಲಸ!

ಎಲ್ಲ ಡಿಸ್ಕುಗಳ ಬೇನೆಯೂ ಇದೇ ಆಗಿರುವುದಿಲ್ಲ. ಆದರೆ ಹುಡುಕುವ ಕ್ರಮ ಒಂದೇ. ಹೊರಗಿನಿಂದ ಒಳಗೆ ಬರಬೇಕು.

ಮೊದಲು ಕಿವಿ. ಡಿಸ್ಕು ತಿರುಗುವ ಸಣ್ಣ ಸದ್ದು ಕೇಳಬೇಕು. ಸಾಮಾನ್ಯ ಡಿಸ್ಕು ನಿಮಿಷಕ್ಕೆ 5400 ಇಲ್ಲವೆ 7200 ಸುತ್ತು ತಿರುಗುತ್ತದೆ. 'ಟಕ್ ಟಕ್' ಎಂಬ ಸದ್ದು ಬಿಟ್ಟೂ ಬಿಟ್ಟೂ ಬರುತ್ತಿದ್ದರೆ ತಕ್ಷಣ ವಿದ್ಯುತ್ ತೆಗೆದುಬಿಡಬೇಕು, ಅದು ಯಂತ್ರದೊಳಗಿನ ದೋಷ. ಸದ್ದೇ ಇಲ್ಲದಿದ್ದರೆ ವಿದ್ಯುತ್ತಿನ ಕಡೆ ನೋಡಬೇಕು. ಸಾಟಾ ಡಿಸ್ಕಿಗೆ ಎರಡು ಜೋಡಣೆಗಳು: 15 ಮೊನೆಗಳ ಅಗಲದ್ದು ವಿದ್ಯುತ್ತಿಗೆ, 7 ಮೊನೆಗಳ ಕಿರಿದು ಮಾಹಿತಿಗೆ. ಒಂದು ಸಡಿಲವಾದರೂ ಸಾಕು, ಕೆಲಸ ಕೆಡುತ್ತದೆ. ಯುಎಸ್‌ಬಿ ಡಿಸ್ಕಾದರೆ ಕೇಬಲನ್ನೂ ಕಿಂಡಿಯನ್ನೂ ಬದಲಿಸಿ ನೋಡಬೇಕು. ಹಳೆಯ ಯುಎಸ್‌ಬಿ 2.0 ಕಿಂಡಿ ಕೊಡುವುದು 500 ಮಿಲಿಆಂಪಿಯರ್, 3.0 ಕೊಡುವುದು 900. ಕೆಲವು ಡಿಸ್ಕುಗಳಿಗೆ ಮೊದಲನೆಯದು ಸಾಲುವುದಿಲ್ಲ.

ಆ ಮೇಲೆ ಬಯೋಸ್. ಅಲ್ಲಿ ಡಿಸ್ಕಿನ ಹೆಸರು ಕಂಡರೆ ತಂತಿಗಳು ಬಹುಮಟ್ಟಿಗೆ ಸರಿ ಇವೆ ಎಂದೇ ಅರ್ಥ. ಕಂಪ್ಯೂಟರು ಚಾಲೂ ಇರುವಾಗಲೇ ಯುಎಸ್‌ಬಿ ಡಿಸ್ಕನ್ನು ಬಿಚ್ಚಿ ಮತ್ತೆ ಹಾಕಿದ್ದರೆ, 'ರಿಸ್ಕ್ಯಾನ್ ಡಿಸ್ಕ್ಸ್' ಎಂಬ ಆಜ್ಞೆ ಕೊಟ್ಟು ಇನ್ನೊಮ್ಮೆ ಹಾಜರಿ ಕರೆಸಬೇಕು. ಪೆಟ್ಟಿಗೆಯೊಳಗಿನ ಡಿಸ್ಕನ್ನು ಮಾತ್ರ ಕಂಪ್ಯೂಟರು ಆರಿಸಿಯೇ ಬಿಚ್ಚುವುದು ಲೇಸು.

ಕಡೆಗೆ ಡಿಸ್ಕ್ ಮ್ಯಾನೇಜ್‌ಮೆಂಟ್. ಅಲ್ಲಿ ಬರೆದಿರುವ ಶಬ್ದವನ್ನು ಓದಬೇಕು, ದಾಟಿ ಹೋಗಬಾರದು. ಭಾಗ ಕಾಣುತ್ತಿದ್ದು ಅಕ್ಷರ ಮಾತ್ರ ಇಲ್ಲವೆ? ಅಕ್ಷರ ಕೊಟ್ಟರಾಯಿತು. 'ರಾ' ಅಥವಾ 'ನಾಟ್ ಇನಿಷಿಯಲೈಜ್ಡ್' ಎಂದಿದೆಯೆ? ಇಲ್ಲಿಯೇ ಎಚ್ಚರ ಬೇಕು. "ಫಾರ್ಮ್ಯಾಟ್ ಮಾಡಲೆ?" ಎಂದು ಅದು ಕೇಳಿದರೆ 'ಬೇಡ' ಎನ್ನಬೇಕು. 2 ಟೆರಾಬೈಟಿಗಿಂತ ದೊಡ್ಡ ಕೆಲವು ಡಿಸ್ಕುಗಳು ಯುಎಸ್‌ಬಿ ಪೆಟ್ಟಿಗೆಯೊಳಗೆ ಇದ್ದಾಗ ಪೆಟ್ಟಿಗೆ ಅವುಗಳ ತುಣುಕುಗಳನ್ನು 512ರ ಬದಲು 4096 ಬೈಟುಗಳೆಂದು ಎಣಿಸಿ ತೋರಿಸುತ್ತದೆ. ಪೆಟ್ಟಿಗೆಯಿಂದ ಬಿಚ್ಚಿ ನೇರ ಜೋಡಿಸಿದರೆ ಎಣಿಕೆ ತಪ್ಪಿ ಡಿಸ್ಕು ಖಾಲಿಯಂತೆ ಕಾಣುತ್ತದೆ. ಮತ್ತೆ ಅದೇ ಪೆಟ್ಟಿಗೆಗೆ ಹಾಕಿದರೆ ಎಲ್ಲವೂ ಇದ್ದಲ್ಲೇ ಇರುತ್ತದೆ. ಫಾರ್ಮ್ಯಾಟ್ ಮಾಡಿದವನಿಗೆ ಮಾತ್ರ ಆ ಭಾಗ್ಯವಿಲ್ಲ. ವಿಂಡೋಸ್ ವಿಸ್ಟಾದಿಂದ ಈಚೆಗೆ ಪೂರ್ಣ ಫಾರ್ಮ್ಯಾಟ್ ಎಂದರೆ ಭಾಗದ ತುಂಬ ಸೊನ್ನೆ ಬರೆಯುವುದೇ ಆಗಿದೆ.

1956ರಲ್ಲಿ ಐಬಿಎಂ ತಯಾರಿಸಿದ ಮೊದಲ ಹಾರ್ಡ್ ಡಿಸ್ಕಿನಲ್ಲಿ 24 ಇಂಚು ಅಗಲದ 50 ತಟ್ಟೆಗಳಿದ್ದವು. ಅದರಲ್ಲಿ ಹಿಡಿಯುತ್ತಿದ್ದದ್ದು ಸುಮಾರು 50 ಲಕ್ಷ ಅಕ್ಷರ. ಇಂದು ಅದಕ್ಕಿಂತ ಲಕ್ಷಾಂತರ ಪಟ್ಟು ಹೆಚ್ಚು ಸರಕು ಅಂಗೈಯಲ್ಲಿ ಕೂಡುತ್ತದೆ. ಸರಕು ಎಷ್ಟು ಹೆಚ್ಚಿದರೂ ಒಂದು ಮಾತು ಬದಲಾಗಿಲ್ಲ: ಒಂದೇ ಪ್ರತಿ ಇರುವ ವಸ್ತು ಯಾವಾಗಲೂ ಅಪಾಯದಲ್ಲಿಯೇ ಇರುತ್ತದೆ.

ಇದನ್ನು ವಿಜಯಪುರದವರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ಇದೇ ಊರಲ್ಲಿ ಇದ್ದುಕೊಂಡು ಮನೆಮನೆಯ ಜಗಲಿಯ ಮೇಲಿನ ತಾಡೋಲೆಗಳನ್ನು ಹುಡುಕಿ ತಂದರು. ಹುಳು ಹಿಡಿದರೆ, ಒಲೆಗೆ ಬಿದ್ದರೆ ಒಂದು ಓಲೆ ಹೋದಂತೆಯೇ. ಅವನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ್ದರೂ ಸಂಗ್ರಹವೆನಿಸುತ್ತಿತ್ತು. ಅವರು ಹಾಗೆ ಮಾಡದೆ, 1923ರಲ್ಲಿ 'ವಚನಶಾಸ್ತ್ರಸಾರ'ವನ್ನು ಅಚ್ಚಿಗೆ ತಂದರು. 1925ರಲ್ಲಿ 'ಹಿತಚಿಂತಕ' ಮುದ್ರಣಾಲಯ ಹಾಕಿದರು, ಅದಕ್ಕಾಗಿ ಮನೆಯನ್ನೇ ಮಾರಿದರು. 1926ರಲ್ಲಿ 'ಶಿವಾನುಭವ' ಪತ್ರಿಕೆ ಆರಂಭಿಸಿದರು. ಒಂದಿದ್ದ ಓಲೆ ನೂರಾರು ಮನೆಗಳನ್ನು ಸೇರಿತು, ಉಳಿಯಿತು.

ಇಂದು ಪ್ರತಿ ಮಾಡಲು ಯಾರೂ ಮನೆ ಮಾರಬೇಕಾಗಿಲ್ಲ. ಮೂರು ಪ್ರತಿ, ಎರಡು ಬಗೆಯ ಸಾಧನಗಳಲ್ಲಿ, ಒಂದು ಪ್ರತಿ ಬೇರೆ ಮನೆಯಲ್ಲಿ. ಬಲ್ಲವರು ಹೇಳುವ ಲೆಕ್ಕ ಇಷ್ಟೇ. ಮಕ್ಕಳ ಅಂಕಪಟ್ಟಿ, ಹೊಲದ ಕಾಗದಪತ್ರ, ಹಿರಿಯರ ಫೋಟೊ ಎಲ್ಲಕ್ಕೂ ಇದು ಅನ್ವಯಿಸುತ್ತದೆ. ರಜೆಯ ಒಂದು ಮಧ್ಯಾಹ್ನ ತಂದೆ ಮಕ್ಕಳು ಕೂಡಿ ಕುಳಿತರೆ ಮುಗಿಯುವ ಕೆಲಸ.

ವರ್ಷದ ದಿನ ತಿಕೋಟಾದ ಆ ಮನೆಯಲ್ಲಿ ಊಟವಾದ ಮೇಲೆ ಹಾಡು ಹಚ್ಚಿದರು. ಮೊದಲು ಬೀಸುವ ಕಲ್ಲಿನ ಗರಗರ, ಆ ಮೇಲೆ ಅಜ್ಜಿಯ ದನಿ. ಪಡಸಾಲೆಯಲ್ಲಿ ಯಾರೂ ಮಾತನಾಡಲಿಲ್ಲ. ಹನ್ನೊಂದೂ ಮುಗಿದ ಮೇಲೆ ತಂದೆ ಧೋತರದ ಚುಂಗಿನಿಂದ ಮುಖ ಒರೆಸಿಕೊಂಡು ಕೇಳಿದರು: "ಈಗ ಎಷ್ಟ ಕಡೆ ಇಟ್ಟೀಯೋ ತಮ್ಮಾ?"

"ಮೂರ ಕಡೆ ಅಪ್ಪಾ. ಒಂದು ಮಾಮಾನ ಮನ್ಯಾಗ ಐತಿ."