‘ಸ್ಕೀಮ್ ಗಾಡಿ’ ಅಂದ್ರೆ ಹಳೇ ಗಾಡಿ ಅಂತಲ್ಲ

ಶೋರೂಮುಗಳಲ್ಲಿ ‘ಸ್ಕೀಮ್ ಗಾಡಿ’ ಅಂತ ಒಂದು ಮಾತು ಓಡಾಡುತ್ತೆ. ನಿಗಮದ ಸಹಾಯಧನದಲ್ಲಿ ಗೂಡ್ಸ್ ಗಾಡಿ, ಟ್ಯಾಕ್ಸಿ, ಆಟೋ ತಗೊಳ್ಳೋಕೆ ಹೋದ ನಮ್ಮ ಹುಡುಗರು ಅದನ್ನ ಕೇಳೇ ಇರ್ತಾರೆ. ಕಂಪನಿಯ ಬ್ರೋಷರಿನಲ್ಲಿ ಅಂಥದ್ದೊಂದು ಮಾದರಿ ಇಲ್ಲ. ಯಾವ ಸರ್ಕಾರಿ ಆದೇಶದಲ್ಲೂ ಇಂಥ ಗಾಡಿಯನ್ನೇ ಕೊಡಿ ಅಂತ ಬರೆದಿಲ್ಲ. ಆದ್ರೂ ಮಂಜೂರಾತಿ ಪತ್ರ ಹಿಡ್ಕೊಂಡು ಒಳಗೆ ಹೋದ ಕೂಡಲೇ ಮುಂದಿನ ಗಾಜಿನ ಹಾಲ್‌ನಲ್ಲಿ ಹೊಳೀತಾ ನಿಂತಿರೋ ಗಾಡಿ ಬಿಟ್ಟು, ಹಿಂದಿನ ಯಾರ್ಡಿಗೆ ಕರ್ಕೊಂಡು ಹೋಗ್ತಾರೆ. ಈ ಪೋಸ್ಟು ಆ ಹಿಂದಿನ ಯಾರ್ಡಿನ ಬಗ್ಗೆ. ಸ್ವಲ್ಪ ಉದ್ದ ಆಗುತ್ತೆ, ಆದ್ರೆ ಮಾರ್ಚ್ ಹತ್ರ ಬಂದಾಗೆಲ್ಲ ನಮ್ಮವರಿಗೆ ಬೇಕಾಗೋ ವಿಷಯ. ಓದಿ.

ನಮ್ಮಕ್ಕನ ಮಗನಿಗೆ ಒಂದು ಪುಟ್ಟ ಗೂಡ್ಸ್ ಗಾಡಿ ಮಂಜೂರಾಯ್ತು. ಕೋಲಾರದ ಕಡೆಯವರಿಗೆ ಹೇಳ್ಬೇಕಾಗಿಲ್ಲ, ಇಲ್ಲಿ ಒಂದು ಗೂಡ್ಸ್ ಗಾಡಿ ಇದ್ರೆ ಟೊಮೆಟೊ ಸೀಸನ್ನಿನಲ್ಲಿ ಒಂದು ಸಂಸಾರ ನಡೆಯುತ್ತೆ. ಅಕ್ಕ ಇಪ್ಪತ್ತು ವರ್ಷ ಬೇರೆಯವರ ತೋಟದಲ್ಲಿ ಟೊಮೆಟೊ ಕಿತ್ತು, ಹದಿನೈದು ಕೆ.ಜಿ. ಬಾಕ್ಸನ್ನ ತಲೆ ಮೇಲೆ ಹೊತ್ತು ಬೇರೆಯವರ ಗಾಡಿಗೆ ತುಂಬಿದವಳು. ಮಗ ಬೇರೆಯವರ ಗಾಡಿ ಓಡಿಸಿ ದಿನಗೂಲಿ ತಗೊಂಡವನು. ಮೂರು ವರ್ಷ ಅರ್ಜಿ ಹಾಕಿ, ಮೂರನೇ ಸಲ ಹೆಸರು ಬಂತು. ಸ್ವಲ್ಪ ಸಹಾಯಧನ, ಉಳಿದದ್ದು ಬ್ಯಾಂಕ್ ಸಾಲ. ಸಾಲ ಅನ್ನೋ ಪದವನ್ನ ಗಮನದಲ್ಲಿಟ್ಕೊಳ್ಳಿ, ಮುಂದೆ ಬರುತ್ತೆ.

2025ರ ಫೆಬ್ರವರಿಯಲ್ಲಿ ನಾವು ಮೂವರೂ ಶೋರೂಮಿಗೆ ಹೋದ್ವಿ. ಯಾವ ಶೋರೂಮು ಅಂತ ಕೇಳ್ಬೇಡಿ, ಒಂದರ ಹೆಸರು ಹೇಳಿದ್ರೆ ಮಿಕ್ಕವರೆಲ್ಲ ಸಾಚಾ ಅಂತ ಆಗಿಬಿಡುತ್ತೆ. ಸೇಲ್ಸ್ ಹುಡುಗ ಮರ್ಯಾದೆಯಿಂದಲೇ ಮಾತಾಡಿದ. ನೀರು ಕೊಟ್ಟ, ಅಕ್ಕನಿಗೆ ಕುರ್ಚಿ ಹಾಕಿದ. ಪತ್ರ ನೋಡಿದವನೇ, “ಓ, ಸ್ಕೀಮ್ ಗಾಡಿನಾ ಸಾರ್, ಹಿಂದೆ ಇದೆ ಬನ್ನಿ” ಅಂದ.

ಹಿಂದೆ ತಗಡಿನ ಶೆಡ್ಡಿನ ಕೆಳಗೆ ನಾಲ್ಕು ಗಾಡಿ ನಿಂತಿದ್ವು. ಸೀಟಿಗೆ ಪ್ಲಾಸ್ಟಿಕ್ ಹೊದಿಕೆ ಹಾಗೇ ಇತ್ತು, ಮೀಟರಿನಲ್ಲಿ ಮೂವತ್ತು ಕಿಲೋಮೀಟರ್ ಕೂಡ ಇರಲಿಲ್ಲ. ನೋಡೋಕೆ ಹೊಸದೇ. ಆದ್ರೆ ಮುಂದಿನ ಹಾಲ್‌ನಲ್ಲಿದ್ದ ಗಾಡಿಗೂ ಇದಕ್ಕೂ ಡ್ಯಾಶ್‌ಬೋರ್ಡೇ ಬೇರೆ, ಹೆಡ್‌ಲೈಟೇ ಬೇರೆ. ಅಕ್ಕನ ಮಗ ಡ್ರೈವರ್ ಅಲ್ವಾ, ಸೀದಾ ಟೈರ್ ಪಕ್ಕ ಕೂತ. ಟೈರಿನ ಬದಿಯಲ್ಲಿ ಒಂದು ಸಣ್ಣ ಚೌಕಟ್ಟಿನೊಳಗೆ ನಾಲ್ಕು ಅಂಕಿ ಇರುತ್ತೆ. ಮೊದಲ ಎರಡು ವಾರ, ಕೊನೆಯ ಎರಡು ವರ್ಷ. ಅಲ್ಲಿದ್ದದ್ದು 2223. ಅಂದ್ರೆ 2023ನೇ ಇಸವಿಯ 22ನೇ ವಾರ. ಅವನು ನನ್ನ ಕಡೆ ತಿರುಗಿ, “ಮಾಮ, ಇದು ಬಾಣಂತನ ಮುಗಿಸ್ಕೊಂಡು ನಡೆಯೋ ವಯಸ್ಸಿನದು” ಅಂದ. ಅಕ್ಕ ನಕ್ಕಳು, ಸೇಲ್ಸ್ ಹುಡುಗ ನಗಲಿಲ್ಲ.

ಗಾಡಿ ಯಾವಾಗ ತಯಾರಾದದ್ದು ಅಂತ ಕೇಳಿದೆ. “ಸ್ಟಾಕ್ ಸಾರ್, ಫ್ರೆಶ್ ಸ್ಟಾಕ್” ಅಂದ. ತಿಂಗಳು, ವರ್ಷ ಹೇಳಪ್ಪ ಅಂದೆ. ಮ್ಯಾನೇಜರನ್ನ ಕರ್ಕೊಂಡು ಬಂದ. ಮ್ಯಾನೇಜರ್ ಮೊದಲು ಹೇಳಿದ್ದು, “ನಿಮ್ಮ ಸ್ಕೀಮಿಗೆ ಇದೇ ಬರೋದು ಸಾರ್.” ಎಲ್ಲಿ ಹಾಗೆ ಬರೆದಿದೆ ತೋರಿಸಿ ಅಂದಾಗ ಎರಡನೇ ಮಾತು: “ಸರ್ಕಾರದ ದುಡ್ಡು ತಾನೇ, ನಿಮಗೇನು ಲಾಸು?”

ಗೆಳೆಯರೇ, ಇಡೀ ಕಥೆ ಈ ಎರಡನೇ ಮಾತಿನಲ್ಲಿದೆ. ನಮಗೆ ಬಂದದ್ದು ಪುಕ್ಕಟೆ, ಪುಕ್ಕಟೆ ತಗೊಳ್ಳೋನು ಆರಿಸೋ ಹಾಗಿಲ್ಲ ಅನ್ನೋದು ಅದರ ಅರ್ಥ. ಆ ದುಡ್ಡು ಭಿಕ್ಷೆ ಅಲ್ಲ. ನಮ್ಮ ಜನಸಂಖ್ಯೆಗೆ ತಕ್ಕ ಪಾಲು ಬಜೆಟ್ಟಿನಲ್ಲಿ ಇಡಲೇಬೇಕು ಅಂತ 2013ರಲ್ಲಿ ಕರ್ನಾಟಕದಲ್ಲಿ ಕಾಯ್ದೆಯೇ ಆಗಿದೆ, ಅದರ ಹಿಂದೆ ವರ್ಷಗಟ್ಟಲೆ ಬೀದಿ ಹೋರಾಟ ಇದೆ. ಅದು ಒಂದು ಕಡೆ ಇರಲಿ. ಸಹಾಯಧನ ಕಳೆದು ಉಳಿದ ದುಡ್ಡು ನನ್ನ ಅಕ್ಕನ ಮಗ ನಾಲ್ಕು ವರ್ಷ ಬಡ್ಡಿ ಸಮೇತ ಕಟ್ಟಬೇಕಾದ ಸಾಲ. ಡೀಲರ್ ಒಂದು ರೂಪಾಯಿ ಜಾಸ್ತಿ ಹಾಕಿದ್ರೆ, ಸಹಾಯಧನ ಜಾಸ್ತಿ ಆಗಲ್ಲ, ಸಾಲ ಜಾಸ್ತಿ ಆಗುತ್ತೆ. ‘ನಿಮಗೇನು ಲಾಸು’ ಅನ್ನೋದಕ್ಕೆ ಉತ್ತರ ಇಷ್ಟೇ.

ಈಗ ಸ್ವಲ್ಪ ವ್ಯಾಪಾರದ ಲೆಕ್ಕ ತಿಳ್ಕೊಳ್ಳೋಣ. ನಮ್ಮವರು ಶೋರೂಮಿಗೆ ಹೋದಾಗ ಡೀಲರನ್ನ ಕೊಡೋ ಕೈ ಅಂತ ನೋಡ್ತಾರೆ. ಡೀಲರಿಗೂ ಮೇಲೊಬ್ಬ ಸಾಲಗಾರ ಇದ್ದಾನೆ. ಗಾಡಿಗಳನ್ನ ಅವನು ಸಾಮಾನ್ಯವಾಗಿ ಬ್ಯಾಂಕಿನ ದುಡ್ಡಿನಲ್ಲೇ ಕಂಪನಿಯಿಂದ ಕೊಂಡು ಯಾರ್ಡಿನಲ್ಲಿ ನಿಲ್ಲಿಸಿರ್ತಾನೆ. ಗಾಡಿ ನಿಂತಷ್ಟು ದಿನ ಬಡ್ಡಿ ಓಡ್ತಾ ಇರುತ್ತೆ. 2024ರ ಹಬ್ಬದ ಸೀಸನ್ನಿಗೆ ಮುಂಚೆ ಕಾರುಗಳ ದಾಸ್ತಾನು 80ರಿಂದ 85 ದಿನಕ್ಕೆ ಏರಿದೆ ಅಂತ ಡೀಲರುಗಳ ಒಕ್ಕೂಟ ಫಾಡಾನೇ ಗೋಳಾಡಿತ್ತು. ಎಂಬತ್ತು ದಿನಕ್ಕೇ ಆ ಗೋಳಾದ್ರೆ, ಇಪ್ಪತ್ತು ತಿಂಗಳು ನಿಂತ ಗಾಡಿ ಡೀಲರಿಗೆ ಎಂಥ ಭಾರ ಯೋಚಿಸಿ. ಹೊಸ ಮಾದರಿ ಬಂದ ಮೇಲೆ ಹಳೇದನ್ನ ಯಾರೂ ಕೇಳಲ್ಲ. ಆ ಭಾರ ಇಳಿಸೋಕೆ ಅವನಿಗೆ ಗಿರಾಕಿ ಬೇಕು. ಅಂದ್ರೆ ಅವತ್ತು ಆ ಶೆಡ್ಡಿನಲ್ಲಿ ಗರಜು ಇದ್ದದ್ದು ನಮಗಿಂತ ಅವರಿಗೆ ಜಾಸ್ತಿ.

ಮಾಲು ಉಳಿದ್ರೆ ರೇಟು ಇಳಿಯುತ್ತೆ ಅನ್ನೋದು ಎಲ್ಲರಿಗೂ ಗೊತ್ತು. 2017ರ ಮಾರ್ಚ್ 29ರಂದು ಸುಪ್ರೀಂ ಕೋರ್ಟು ಏಪ್ರಿಲ್ 1ರಿಂದ ಬಿಎಸ್-3 ಗಾಡಿ ಮಾರೋ ಹಾಗಿಲ್ಲ ಅಂದಾಗ, ಎರಡೇ ದಿನದಲ್ಲಿ ಬೈಕುಗಳ ಬೆಲೆ ಸಾವಿರಾರು ರೂಪಾಯಿ ಇಳಿದು, ಶೋರೂಮುಗಳ ಮುಂದೆ ಜಾತ್ರೆ ಸೇರಿತ್ತು. ಜನವರಿ ಬಂದ್ರೆ ಹಿಂದಿನ ವರ್ಷದ ಕಾರುಗಳಿಗೆ ಡಿಸ್ಕೌಂಟ್ ಬೋರ್ಡು ಹಾಕ್ತಾರೆ. ಉಳಿದ ಮಾಲನ್ನ ಕಡಿಮೆ ರೇಟಿಗೆ ಕೊಳ್ಳೋದು ಜಾಣತನ, ಉಳ್ಳವರೂ ಅದನ್ನೇ ಮಾಡ್ತಾರೆ. ನನ್ನ ತಕರಾರು ಗಾಡಿ ಹಳೇದು ಅನ್ನೋದಲ್ಲ. ಬೇರೆಯವರಿಗೆ ಹಳೇದು ಅಂತ ಹೇಳಿ, ರೇಟು ಇಳಿಸಿ ಕೊಡೋದನ್ನ ನಮಗೆ ವಯಸ್ಸು ಮುಚ್ಚಿಟ್ಟು ಹೊಸದರ ರೇಟಿಗೆ ಯಾಕೆ ಕೊಡ್ತಾರೆ ಅನ್ನೋದು.

ಇದು ಹೊಸದೇನಲ್ಲ. ಬಾಬಾಸಾಹೇಬರು ‘ವೈಟಿಂಗ್ ಫಾರ್ ಎ ವೀಸಾ’ದಲ್ಲಿ 1901ರ ಒಂದು ಪ್ರಯಾಣ ಬರೆದಿದ್ದಾರೆ. ಅಪ್ಪನನ್ನ ನೋಡೋಕೆ ಹೊರಟ ಮಕ್ಕಳು ಮಸೂರು ಸ್ಟೇಷನ್ನಿನಲ್ಲಿ ಇಳೀತಾರೆ. ಅಸ್ಪೃಶ್ಯರ ಮಕ್ಕಳು ಅಂತ ಗೊತ್ತಾದ ಮೇಲೆ ಯಾವ ಎತ್ತಿನಗಾಡಿಯವನೂ ಒಪ್ಪಲ್ಲ. ಕೊನೆಗೆ ಒಬ್ಬ ಒಪ್ತಾನೆ. ಷರತ್ತು ಏನು? ದುಪ್ಪಟ್ಟು ಬಾಡಿಗೆ ಕೊಡ್ಬೇಕು, ಗಾಡಿಯನ್ನ ಮಕ್ಕಳೇ ಹೊಡೀಬೇಕು, ಅವನು ಪಕ್ಕದಲ್ಲಿ ನಡ್ಕೊಂಡು ಬರ್ತಾನೆ. ಕೆಲಸ ಅರ್ಧ, ಬಾಡಿಗೆ ಎರಡರಷ್ಟು. ಜಾತಿಗೆ ಯಾವತ್ತೂ ಅದರದೇ ಒಂದು ರೇಟ್ ಕಾರ್ಡ್ ಇದೆ. ಮುಟ್ಟಿಸ್ಕೊಳ್ಳಲ್ಲ ಅಂತ ಈಗ ಯಾರೂ ಬಾಯಿಬಿಟ್ಟು ಹೇಳಲ್ಲ, ಕುರ್ಚಿ ಹಾಕ್ತಾರೆ, ನೀರೂ ಕೊಡ್ತಾರೆ. ರೇಟ್ ಕಾರ್ಡ್ ಮಾತ್ರ ಹಾಗೇ ಇದೆ.

ನಾವು ಜಗಳ ಮಾಡಲಿಲ್ಲ, ಲೆಕ್ಕ ಮಾಡಿದ್ವಿ. ಇನ್ಶೂರೆನ್ಸಿನವರು ಗಾಡಿಯ ಬೆಲೆ ಕಟ್ಟೋಕೆ ಒಂದು ಸವಕಳಿ ಪಟ್ಟಿ ಇಟ್ಕೊಂಡಿದ್ದಾರೆ: ಆರು ತಿಂಗಳವರೆಗೆ 5%, ಆರು ತಿಂಗಳಿಂದ ಒಂದು ವರ್ಷದವರೆಗೆ 15%, ಒಂದರಿಂದ ಎರಡು ವರ್ಷದವರೆಗೆ 20%. ಗಾಡಿಯ ಕೊಟೇಶನ್ 5,80,000 ರೂಪಾಯಿ ಇತ್ತು. ಅದರ 20% ಅಂದ್ರೆ 1,16,000. ಇಷ್ಟು ಇಳಿಸಿ, ಇಲ್ಲಾಂದ್ರೆ ಮುಂದೆ ನಿಂತಿರೋ ಈ ವರ್ಷದ ಗಾಡಿ ಕೊಡಿ ಅಂತ ಕೇಳಿದ್ವಿ. ಗಾಡಿ ಓಡೇ ಇಲ್ವಲ್ಲ ಸಾರ್ ಅಂದ್ರು. ಓಡಿಲ್ಲ ನಿಜ, ಆದ್ರೆ ನಿಂತಿದೆ. ನಿಂತ ಗಾಡಿಗೂ ಕಾಯಿಲೆ ಬರುತ್ತೆ. ಬ್ಯಾಟರಿ ಸಾಯುತ್ತೆ, ಒಂದೇ ಕಡೆ ಭಾರ ಬಿದ್ದು ಟೈರು ಚಪ್ಪಟೆ ಆಗುತ್ತೆ, ರಬ್ಬರ್ ಪೈಪು ಬಿರುಕು ಬಿಡುತ್ತೆ, ಬ್ರೇಕಿಗೆ ತುಕ್ಕು ಹಿಡಿಯುತ್ತೆ, ವೈರನ್ನ ಇಲಿ ಕಡಿಯುತ್ತೆ. ಇನ್ನೊಂದು ಮುಖ್ಯ ವಿಷಯ: ನಾಳೆ ಈ ಹುಡುಗ ಗಾಡಿ ಮಾರೋಕೆ ಹೋದ್ರೆ, ಕೊಳ್ಳೋನು ಆರ್‌ಸಿಯಲ್ಲಿ ತಯಾರಾದ ವರ್ಷವನ್ನೂ ನೋಡ್ತಾನೆ. 2025ರಲ್ಲಿ ಕೊಂಡ್ರೂ ಅದು 2023ರ ಗಾಡಿನೇ.

“ಕೊಟೇಶನ್ ಆಗ್ಲೇ ನಿಗಮಕ್ಕೆ ಹೋಗಿದೆ, ಬದಲಾಯಿಸೋಕಾಗಲ್ಲ. ಮಾರ್ಚ್ 31 ದಾಟಿದ್ರೆ ದುಡ್ಡು ವಾಪಸ್ ಹೋಗುತ್ತೆ, ಆಮೇಲೆ ನನ್ನ ಕೇಳ್ಬೇಡಿ” ಅಂದ್ರು ಮ್ಯಾನೇಜರ್. ಇದೇ ಹೆದರಿಕೆಗೆ ನಮ್ಮವರು ಸೈನ್ ಹಾಕೋದು. ಅಕ್ಕನ ಮುಖ ಸಣ್ಣದಾಯ್ತು. ಮೂರು ವರ್ಷ ಕಾದವಳು ಅವಳು. “ಬಿಡೋ ತಮ್ಮ, ಬಂದಿದ್ದು ಬರ್ಲಿ” ಅಂದ್ಲು. ಅವಳ ಮಗ ಒಪ್ಪಲಿಲ್ಲ. “ಅಮ್ಮ, ಕಂತು ಕಟ್ಟೋನು ನಾನು” ಅಂದ.

ಅಲ್ಲಿಂದ ಹೊರಗೆ ಬಂದು ಒಂದು ಪುಟದ ಅರ್ಜಿ ಬರೆದ್ವಿ. ಮೂರೇ ಪ್ರಶ್ನೆ: ಈ ಚಾಸಿ ನಂಬರಿನ ಗಾಡಿ ತಯಾರಾದ ತಿಂಗಳು, ವರ್ಷ ಯಾವುದು? ಇದೇ ಮಾದರಿಯನ್ನ ಸ್ಕೀಮ್ ಇಲ್ಲದ ಗಿರಾಕಿಗೆ ಇವತ್ತು ಎಷ್ಟಕ್ಕೆ ಕೊಡ್ತೀರಿ? ವಾರಂಟಿ ಯಾವ ದಿನದಿಂದ ಶುರು? ಒಂದು ಪ್ರತಿ ಶೋರೂಮಿಗೆ, ಒಂದು ಬ್ಯಾಂಕಿಗೆ, ಒಂದು ನಿಗಮಕ್ಕೆ. ಸ್ವೀಕೃತಿಯ ಸೀಲು ಹಾಕಿಸ್ಕೊಂಡ್ವಿ. ಬ್ಯಾಂಕಿನವರು, ಬೆಲೆ ಇಳಿದ ಕೊಟೇಶನ್ ತಂದ್ರೆ ಸಾಲದ ಮೊತ್ತ ಇಳಿಸೋಕೆ ಅಡ್ಡಿ ಇಲ್ಲ ಅಂದ್ರು. ಅವರಿಗೂ ಅದೇ ಒಳ್ಳೇದು, ಗಾಡಿಯ ಬೆಲೆಗಿಂತ ಸಾಲ ಜಾಸ್ತಿ ಇದ್ರೆ ನಾಳೆ ಅವರಿಗೂ ಕಷ್ಟ ತಾನೇ. ಎಂಟನೇ ದಿನ ಶೋರೂಮಿನಿಂದ ಫೋನ್ ಬಂತು.

ಕೊನೆಗೆ ಆದದ್ದು ಇದು: ಅದೇ ಗಾಡಿ, 72,000 ರೂಪಾಯಿ ಕಡಿಮೆ. ಹೊಸ ಬ್ಯಾಟರಿ, ನಾಲ್ಕು ಹೊಸ ಟೈರು. ಡೆಲಿವರಿ ದಿನದಿಂದ ವಾರಂಟಿ ಅಂತ ಬರವಣಿಗೆಯಲ್ಲಿ. ಬಿಲ್ಲಿನಲ್ಲಿ ತಯಾರಾದ ತಿಂಗಳು ಸ್ಪಷ್ಟವಾಗಿ: ಜೂನ್ 2023. ನಾಲ್ಕು ವರ್ಷದ ಸಾಲದಲ್ಲಿ 72,000 ಅಂದ್ರೆ ತಿಂಗಳ ಕಂತಿನಲ್ಲಿ ಸಾವಿರದ ಎಂಟುನೂರು ರೂಪಾಯಿಯಷ್ಟು ವ್ಯತ್ಯಾಸ. ಆ ದುಡ್ಡಿಗೆ ಅಕ್ಕ ಎಷ್ಟು ದಿನ ಬಾಕ್ಸು ಹೊರಬೇಕಿತ್ತು ಅನ್ನೋದು ನನಗೆ ಗೊತ್ತು. ಕೇಳಿದ್ದು ಪೂರ್ತಿ ಸಿಗಲಿಲ್ಲ. ಮಾತುಕತೆ ಅಂದ್ರೆ ಹಾಗೇ. ಆದ್ರೆ ಏನು ಕೊಳ್ತಾ ಇದ್ದೀವಿ ಅಂತ ಗೊತ್ತಿದ್ದೇ ಕೊಂಡ್ವಿ.

ಕೆಲವು ಸಂಗಾತಿಗಳು ಫೋನ್ ಮಾಡಿ, “ಅಣ್ಣ, ಮತ್ತೆ ಹಳೇದನ್ನೇ ತಗೊಂಡ್ರಲ್ಲ, ಹೊಸದಕ್ಕೇ ಪಟ್ಟು ಹಿಡೀಬೇಕಿತ್ತು” ಅಂದ್ರು. ಅವರ ಸಿಟ್ಟು ನನಗೆ ಅರ್ಥವಾಗುತ್ತೆ. ತಂಗಳು, ಎಂಜಲು, ಬಿಟ್ಟ ಬಟ್ಟೆ, ಇವುಗಳ ನೆನಪು ನಮ್ಮ ಕೇರಿಗಳಲ್ಲಿ ಇನ್ನೂ ಹಸಿಯಾಗಿದೆ. 1927ರಲ್ಲಿ ಮಹಾಡ್‌ನಲ್ಲಿ ಬಾಬಾಸಾಹೇಬರು ಎಸೆದ ತುತ್ತು ತಿನ್ನೋದನ್ನ ಬಿಡಿ ಅಂತ ಕರೆ ಕೊಟ್ಟದ್ದು ಅದಕ್ಕೇ. ಆದ್ರೆ ಎಂಜಲಿಗೂ ಉಳಿದ ಮಾಲಿಗೂ ವ್ಯತ್ಯಾಸ ಇದೆ. ಎಂಜಲಿಗೆ ರೇಟು ಕೇಳೋ ಹಾಗಿಲ್ಲ, ಬೇಡ ಅನ್ನೋ ಹಾಗಿಲ್ಲ. ಉಳಿದ ಮಾಲಿಗೆ ಎರಡೂ ಉಂಟು. ಆ ಶೆಡ್ಡಿನಲ್ಲಿ ನಮ್ಮ ಹುಡುಗ ‘ಬೇಡ’ ಅಂತ ಎದ್ದು ಬಂದ ಮೇಲೇ ಆ ಗಾಡಿಗೆ ಒಂದು ಸರಿಯಾದ ರೇಟು ಹುಟ್ಟಿದ್ದು.

ಈಗ ಕೆಲಸದ ಮಾತು. ಗಾಡಿ ತಗೊಳ್ಳೋ ನಮ್ಮ ತಮ್ಮಂದಿರು, ತಂಗಿಯರು ಇದನ್ನ ಸೇವ್ ಮಾಡ್ಕೊಳ್ಳಿ.

ಒಬ್ಬರೇ ಹೋಗ್ಬೇಡಿ. ಒಬ್ಬ ಅನುಭವಿ ಡ್ರೈವರನ್ನ ಜೊತೆಗೆ ಕರ್ಕೊಂಡು ಹೋಗಿ.

ಚಾಸಿ ನಂಬರು 17 ಅಕ್ಷರ-ಅಂಕಿಗಳದ್ದು. ಅದರೊಳಗೆ ತಯಾರಿಯ ವರ್ಷದ ಗುರುತು ಇರುತ್ತೆ, ಕಂಪನಿಯಿಂದ ಕಂಪನಿಗೆ ಅದರ ಜಾಗ ಬೇರೆ. ಅದರ ಫೋಟೋ ತಗೊಂಡು, ಅರ್ಥ ಏನು ಅಂತ ಡೀಲರಿಂದಲೇ ಬರೆಸ್ಕೊಳ್ಳಿ. ಡೀಲರ್ ಕೊಡೋ ಫಾರಂ 21ರಲ್ಲಿ ತಯಾರಾದ ತಿಂಗಳು, ವರ್ಷ ಇರುತ್ತೆ. ಅದನ್ನ ನೋಡದೆ ಸೈನ್ ಹಾಕ್ಬೇಡಿ. ಟೈರಿನ ನಾಲ್ಕು ಅಂಕಿ ನೋಡಿ, ಬ್ಯಾಟರಿಯ ತಾರೀಖು ನೋಡಿ.

ಮೋಸ ಆದ್ರೆ ಗ್ರಾಹಕರ ಸಹಾಯವಾಣಿ 1915. ಗೂಡ್ಸ್ ಗಾಡಿ ವ್ಯಾಪಾರಕ್ಕೆ ತಗೊಂಡದ್ದು, ನೀವು ಗ್ರಾಹಕರೇ ಅಲ್ಲ ಅಂತ ಹೆದರಿಸ್ತಾರೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಸ್ಪಷ್ಟವಾಗಿದೆ: ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯೋಕೆ ಮಾತ್ರ ಕೊಂಡ ವಸ್ತು ವಾಣಿಜ್ಯ ಉದ್ದೇಶದ್ದಲ್ಲ. ಜಿಲ್ಲಾ ಆಯೋಗಕ್ಕೆ ದೂರು ಕೊಡೋಕೆ 5 ಲಕ್ಷದವರೆಗಿನ ಖರೀದಿಗೆ ಶುಲ್ಕವೇ ಇಲ್ಲ, 5ರಿಂದ 10 ಲಕ್ಷದವರೆಗೆ 200 ರೂಪಾಯಿ.

ನಿಗಮಗಳಿಗೆ ನಮ್ಮ ಬೇಡಿಕೆ ಎರಡೇ. ಕೊಟೇಶನ್ ಫಾರಂನಲ್ಲಿ ‘ತಯಾರಾದ ತಿಂಗಳು ಮತ್ತು ವರ್ಷ’ ಅಂತ ಒಂದು ಕಾಲಂ ಸೇರಿಸಿ. ಮಂಜೂರಾತಿಯನ್ನ ಮಾರ್ಚ್ ತುದಿಗೆ ತಂದು ನಿಲ್ಲಿಸಬೇಡಿ, ಫಲಾನುಭವಿಗೆ ಅಂಗಡಿ ಸುತ್ತೋಕೆ, ಬೇಡ ಅನ್ನೋಕೆ ಟೈಮ್ ಕೊಡಿ. ಇದಕ್ಕೆ ಹೊಸ ಬಜೆಟ್ ಬೇಕಾಗಿಲ್ಲ, ಒಂದು ಸುತ್ತೋಲೆ ಸಾಕು. ಈ ಎರಡು ಸಾಲನ್ನ ನಿಮ್ಮ ನಿಮ್ಮ ಜಿಲ್ಲೆಯಲ್ಲಿ ಮನವಿ ಮಾಡಿ ಕೊಡಿ, ಸೀಲು ಹಾಕಿಸ್ಕೊಂಡ ಪ್ರತಿಯನ್ನ ಕಾಮೆಂಟಿನಲ್ಲಿ ಹಾಕಿ. ಎಲ್ಲವನ್ನೂ ಒಟ್ಟು ಮಾಡಿ ಬೆಂಗಳೂರಿಗೆ ನಾನು ತಗೊಂಡು ಹೋಗ್ತೀನಿ.

ಜೈ ಭೀಮ್.