ಗುರುತಿನ ಜಾತ್ರೆ

ಕ್ಯಾತ್ಸಂದ್ರದಲ್ಲಿ ಬಸ್ಸಿಳಿದು, ತಟ್ಟೆ ಇಡ್ಲಿ ಹೋಟೆಲುಗಳ ಹಬೆ ದಾಟಿ ಸಿದ್ಧಗಂಗಾ ಮಠದ ಕಡೆಗೆ ನಡೆದರೆ ಮೊದಲು ಕಾಣುವುದು ಬೆಟ್ಟ. ಶಿವರಾತ್ರಿಯ ಆಸುಪಾಸಿನಲ್ಲಾದರೆ ಬೆಟ್ಟಕ್ಕೂ ಮೊದಲು ದೂಳು ಕಾಣುತ್ತದೆ. ಅದು ದನಗಳ ಜಾತ್ರೆಯ ದೂಳು. ಸಾಲುಸಾಲಾಗಿ ಕಟ್ಟಿದ ಹಳ್ಳಿಕಾರ್ ಎತ್ತುಗಳು, ಹಿಂದಕ್ಕೆ ಬಾಗಿದ ಉದ್ದ ಕೊಂಬು, ಬೂದು ಮೈ, ನೀಳ ಮುಖ. ಕೊಳ್ಳುವವರು ಬಾಯಿ ಬಿಡಿಸಿ ಹಲ್ಲು ನೋಡುತ್ತಾರೆ, ಮೈ ತಡವಿ ಸುಳಿ ಹುಡುಕುತ್ತಾರೆ. ಬೆಲೆ ಕುದುರುವುದು ಟವೆಲಿನ ಮರೆಯಲ್ಲಿ, ಬೆರಳು ಹಿಡಿದು.

ನನ್ನ ಕಣ್ಣಿಗೆ ಎಲ್ಲವೂ ಒಂದೇ ಎತ್ತು. ಅಷ್ಟರಲ್ಲಿ ಒಂದು ಹೋರಿ ಹಗ್ಗ ಹರಿದುಕೊಂಡು ಗುಂಪಿನೊಳಗೆ ನುಗ್ಗಿತು. ಕುಣಿಗಲ್ ಕಡೆಯ ರೈತರೊಬ್ಬರು ಅವಸರವಿಲ್ಲದೆ ಎದ್ದು ಹೋಗಿ, ಅಷ್ಟೊಂದು ಬೂದು ಮೈಗಳ ನಡುವೆ ತಮ್ಮದನ್ನೇ ಹಿಡಿದು ತಂದರು. ಹೇಗೆ ಗೊತ್ತಾಯಿತು ಎಂದು ಕೇಳಿದೆ. "ನಮ್ಮ ರಾಸು ನಮಗೆ ಗೊತ್ತಾಗಲ್ವಾ ಸ್ವಾಮಿ? ಮುಖ ನೋಡಿದ್ರೆ ಸಾಕು" ಎಂದರು. ಕೊಂಬನ್ನಲ್ಲ, ಸುಳಿಯನ್ನಲ್ಲ, ಮುಖವನ್ನು!

ಆ ಮಾತು ಎಷ್ಟು ಆಳದ್ದು ಎಂದು ತಿಳಿಯಲು ದೂರದ ಇಬ್ಬರ ಕಥೆ ಹೇಳಬೇಕು. ಒಬ್ಬ ಸ್ವಿಟ್ಜರ್‌ಲೆಂಡಿನ ರೈತ; 1984ರಲ್ಲಿ ವೈದ್ಯರು ಅವನ ವಿಷಯ ಬರೆದರು. ಮೆದುಳಿಗೆ ಹಾನಿಯಾದ ಮೇಲೆ ಅವನಿಗೆ ಜನರ ಮುಖದ ಗುರುತು ಕ್ರಮೇಣ ಮರಳಿತು, ತಾನೇ ಸಾಕಿದ ಹಸುಗಳ ಗುರುತು ಮಾತ್ರ ಮರಳಲಿಲ್ಲ. ಇನ್ನೊಬ್ಬ ಇಂಗ್ಲೆಂಡಿನವನು. ಪಾರ್ಶ್ವವಾಯು ಬಡಿದು ಪರಿಚಿತರ ಮುಖವೇ ತಿಳಿಯದಂತಾದ. ಆಮೇಲೆ ಕುರಿ ಸಾಕತೊಡಗಿದ ಅವನು ತನ್ನ ಮಂದೆಯ ಕುರಿಗಳನ್ನು ಮುಖ ನೋಡಿಯೇ ಗುರುತಿಸಲು ಕಲಿತ! ಮೆಕ್‌ನೀಲ್ ಮತ್ತು ವಾರಿಂಗ್ಟನ್ 1993ರಲ್ಲಿ ಇದನ್ನು ಪ್ರಕಟಿಸಿದರು. ನೋಡುವ ಕಣ್ಣು ಒಂದೇ, ಒಳಗಿನ ದಾರಿಗಳು ಬೇರೆ ಬೇರೆ. ಒಂದು ಮುಚ್ಚಿದರೂ ಇನ್ನೊಂದು ತೆರೆದಿರಬಲ್ಲದು.

ಮೆದುಳಿನ ಅಡಿಭಾಗದಲ್ಲಿ, ಹೆಚ್ಚಾಗಿ ಬಲಗಡೆ, ಫ್ಯೂಸಿಫಾರ್ಮ್ ಎಂಬ ಮಡಿಕೆಯಲ್ಲಿ ಮುಖಗಳಿಗೆ ವಿಶೇಷವಾಗಿ ಸ್ಪಂದಿಸುವ ಒಂದು ತಾಣವಿದೆ. ನ್ಯಾನ್ಸಿ ಕ್ಯಾನ್‌ವಿಷರ್ ಮತ್ತು ಸಂಗಡಿಗರು 1997ರಲ್ಲಿ ಅದನ್ನು ವಿವರಿಸಿದರು. ಕ್ಯಾತ್ಸಂದ್ರದ ಹೆದ್ದಾರಿ ಹಿಡಿದು ಬೆಂಗಳೂರು ಸೇರಿದರೆ, ಅಲ್ಲಿನ ನಿಮ್ಹಾನ್ಸ್‌ನ ಮೆದುಳಿನ ಸಂಗ್ರಹಾಲಯದಲ್ಲಿ ಮನುಷ್ಯನ ಮೆದುಳನ್ನು ಕೈಯಲ್ಲೇ ಹಿಡಿದು ನೋಡಬಹುದು. ತೂಕ ಒಂದೂಕಾಲು ಕಿಲೋದ ಮೇಲೆ ಸ್ವಲ್ಪ. ಅಷ್ಟರೊಳಗೆ ಊರಿಗೆ ಊರೇ ಮುಖ ಹೊತ್ತು ಕೂತಿರುತ್ತದೆ.

ಸಂಜೆ ಮಠದ ಅಂಗಳದಲ್ಲಿ ಸಾಮೂಹಿಕ ಪ್ರಾರ್ಥನೆ. ಸಾವಿರಾರು ಮಕ್ಕಳು, ಒಂದೇ ಬಗೆಯ ಉಡುಪು, ಹಣೆಗೆ ವಿಭೂತಿ. ಮಠಾಧ್ಯಕ್ಷರಾಗಿದ್ದ ಶಿವಕುಮಾರ ಸ್ವಾಮೀಜಿಯವರು 2019ರ ಜನವರಿ 21ರಂದು 111ನೇ ವಯಸ್ಸಿನಲ್ಲಿ ಲಿಂಗೈಕ್ಯರಾಗುವವರೆಗೂ ಕಾಪಾಡಿದ ಅನ್ನ, ಅಕ್ಷರ, ಆಶ್ರಯದ ನೆರಳಿದು. ಮಗನನ್ನು ನೋಡಲು ಉತ್ತರ ಕರ್ನಾಟಕದಿಂದ ಬಂದಿದ್ದ ತಾಯಿಯೊಬ್ಬಳು ಅಂಚಿನಲ್ಲಿ ನಿಂತಿದ್ದಳು. ಪ್ರಾರ್ಥನೆ ಮುಗಿದು ಸಾಲುಗಳು ಎದ್ದವೋ ಇಲ್ಲವೋ, "ಅಲ್ಲದಾನ ನೋಡ್ರಿ!" ಎಂದು ಗಂಡನ ಕೈ ಜಗ್ಗಿದಳು. ಮುಖವೊಂದು ಕಣ್ಣಿಗೆ ಬಿದ್ದ ಸುಮಾರು 170 ಮಿಲಿಸೆಕೆಂಡಿಗೆ, ಇದು ಮುಖವೆಂಬ ವಿದ್ಯುತ್ ಅಲೆ ತಲೆಯ ಹಿಂಬದಿಯಲ್ಲಿ ಏಳುತ್ತದೆ. ಇದು ನಮ್ಮದೇ ಮುಖ ಎಂಬ ಅರಿವು ಅದರ ಬೆನ್ನಿಗೇ ಬರುತ್ತದೆ. ರೆಪ್ಪೆ ಬಡಿದಷ್ಟು ಹೊತ್ತಿನಲ್ಲಿ ಸಾವಿರ ಮಕ್ಕಳು ಮಾಸಿ ಒಬ್ಬನೇ ಉಳಿಯುತ್ತಾನೆ. ಈ ಬೆಟ್ಟದ ಬಂಡೆಯಲ್ಲಿ ಗಂಗೆ ಉಕ್ಕಿದಳೆಂಬ ಪವಾಡದ ಕಥೆ ಕೇಳಿ ಬೆರಗಾಗುವ ನಾವು ಇದಕ್ಕೂ ಅಷ್ಟೇ ಬೆರಗಾಗಬೇಕು.

ಹೆಸರು ಮಾತ್ರ ಇಷ್ಟು ಬೇಗ ಬರುವುದಿಲ್ಲ. ಅಂಗಳದಾಚೆ ಮರದಡಿ ಕೂತಿದ್ದ ಅಜ್ಜಿಯ ಮುಂದೆ ನಡುವಯಸ್ಸಿನವರೊಬ್ಬರು ಬಗ್ಗಿ, "ಗುರುತು ಸಿಕ್ತೇನಜ್ಜಿ? ನಾನ್ಯಾರು ಹೇಳು ನೋಡಾನ" ಎಂದರು. ಅಜ್ಜಿ ಕೈ ಹಿಡಿದುಕೊಂಡಿತು. "ನಿಟ್ಟೂರಿನೋನಲ್ವೇನಪ್ಪ? ಅಡಿಕೆ ವ್ಯಾಪಾರ. ನಿಮ್ಮವ್ವ ಚೆನ್ನಾಗಿ ಸೋಬಾನೆ ಹಾಡೋಳು. ಹೆಸರು… ನಾಲಿಗೆ ತುದೀಲೇ ಐತೆ, ಬರವಲ್ದು." ಸುತ್ತಲಿನವರು ನಕ್ಕರು. ಅಜ್ಜಿಯ ಮುಖ ಚಿಕ್ಕದಾಯಿತು.

ಆ ನಗು ನನಗೆ ಸರಿಕಾಣಲಿಲ್ಲ. ಅಜ್ಜಿ ಕಷ್ಟದ ಕೆಲಸವನ್ನೆಲ್ಲ ಮಾಡಿ ಮುಗಿಸಿತ್ತು: ಊರು, ಕಸುಬು, ತಾಯಿಯ ದನಿ. ಹೆಸರಿಗೆ ಹಿಡಿಯಲು ಕೊಕ್ಕೆಯೇ ಇರುವುದಿಲ್ಲ. 1987ರಲ್ಲಿ ಬ್ರಿಟನ್ನಿನ ಸಂಶೋಧಕರು ಜನರಿಗೆ ಅಪರಿಚಿತ ಮುಖಗಳನ್ನು ತೋರಿಸಿ ಹೆಸರು, ಕಸುಬು ಎರಡನ್ನೂ ಕಲಿಸಿದರು. ಕಸುಬು ನೆನಪಿನಲ್ಲಿ ನಿಂತಿತು, ಹೆಸರು ಜಾರಿತು. ಎರಡಕ್ಕೂ ಒಂದೇ ಪದ ಬಳಸಿದರೂ ಹಾಗೆಯೇ ಆಯಿತು. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ, ಮಡಕೆ ಮಾಡುವ ಕುಂಬಾರ ನೆನಪಿರುತ್ತಾನೆ, ಕುಂಬಾರ ಎಂಬ ಅಡ್ಡಹೆಸರಿನವನು ಮರೆತುಹೋಗುತ್ತಾನೆ. ಕಸುಬಿಗೆ ಮಣ್ಣು, ತಿಗರಿ, ಆವಿಗೆಯ ಹೊಗೆ ಎಲ್ಲ ಅಂಟಿಕೊಂಡಿವೆ. ಹೆಸರಿಗೆ ಅಂಟಿಕೊಂಡದ್ದು ಒಬ್ಬ ಮನುಷ್ಯ ಮಾತ್ರ.

ಮರೆವಿನ ಕಾಯಿಲೆ ಹಿಡಿದವರಲ್ಲಿ ಹೆಸರಷ್ಟೇ ಅಲ್ಲ, ಕಂಡದ್ದೂ ಅಳಿಯುತ್ತದೆ. ಆದರೂ ಒಂದು ಉಳಿಯುತ್ತದೆ. 2014ರಲ್ಲಿ ಅಮೆರಿಕದ ಅಯೋವಾದಲ್ಲಿ ಆಲ್‌ಝೈಮರ್ ರೋಗಿಗಳಿಗೆ ದುಃಖದ, ಸಂತೋಷದ ಸಿನಿಮಾ ತುಣುಕುಗಳನ್ನು ತೋರಿಸಿದರು. ತುಸು ಹೊತ್ತಿಗೆ ತುಣುಕುಗಳು ಹೆಚ್ಚುಕಡಿಮೆ ಮರೆತೇಹೋದವು, ಅವು ಎಬ್ಬಿಸಿದ ದುಃಖ, ಸಂತೋಷ ಮಾತ್ರ ಇನ್ನೂ ಇದ್ದವು.

ಕೇಳಿದ ಪ್ರಶ್ನೆ ಮರೆತರೂ ಅದು ತಂದ ಮುಜುಗರ ಉಳಿಯಬಹುದು. ಆದ್ದರಿಂದ ಜಾತ್ರೆಯಲ್ಲೋ ಮದುವೆಮನೆಯಲ್ಲೋ ಹಿರಿಯರು ಸಿಕ್ಕಾಗ "ನಾನ್ಯಾರು ಹೇಳು" ಎಂದು ದಯವಿಟ್ಟು ಪರೀಕ್ಷೆ ಮಾಡಬೇಡಿ. ನಿಮ್ಮ ಹೆಸರು, ನಿಮ್ಮ ಊರು, ನಿಮ್ಮ ತಂದೆತಾಯಿಯ ಹೆಸರನ್ನು ನೀವೇ ಮೊದಲು ಹೇಳಿ, ಆಮೇಲೆ ಪಕ್ಕದಲ್ಲಿ ಕೂತು ಮಾತಾಡಿಸಿ. ಮರೆವು ದಿನದಿನಕ್ಕೆ ಹೆಚ್ಚಿ ಮನೆಯವರ ಮುಖವೇ ತಿಳಿಯದಂತಾದರೆ ವಯಸ್ಸಾಯಿತೆಂದು ಸುಮ್ಮನಾಗದೆ ವೈದ್ಯರಿಗೆ ತೋರಿಸಿ.