ವ್ಯೋಮಯುದ್ಧಗಳೂ ಒಂದು ನೋಟುಪುಸ್ತಕವೂ

ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯ ಮಿತ್ರರು ಕೇಳಿದಾಗ, ಅವರು ನನ್ನಿಂದ ಛಂದಸ್ಸನ್ನೋ ಅಲಂಕಾರವನ್ನೋ ಕುರಿತ ಬರಹವನ್ನು ನಿರೀಕ್ಷಿಸಿದ್ದರೆಂಬುದರಲ್ಲಿ ಸಂದೇಹವಿಲ್ಲ. ಮೂವತ್ತು ವರ್ಷಗಳಿಂದ ಕೇಶಿರಾಜನ ಸೂತ್ರಗಳನ್ನು ಪಾಠ ಹೇಳುತ್ತ ಬಂದವನಿಂದ ಮತ್ತೇನನ್ನು ನಿರೀಕ್ಷಿಸಬೇಕು? ಆದರೆ ನಾನು ಬರೆಯಹೊರಟಿರುವುದು ಚಲನಚಿತ್ರಗಳಲ್ಲಿಯೂ ದೂರದರ್ಶನದ ಕಥಾಮಾಲಿಕೆಗಳಲ್ಲಿಯೂ ನಡೆಯುವ ವ್ಯೋಮಯುದ್ಧಗಳನ್ನು ಕುರಿತು. ಅವುಗಳ ಪೈಕಿ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿದ ಕೆಲವನ್ನು ಕುರಿತು. ವಾಚಕ ಮಹಾಶಯರು ನಗಬಹುದು. ಮೊದಲು ನಾನೂ ನಕ್ಕವನೇ. ನಕ್ಕದ್ದೇ ಈ ಬರಹಕ್ಕೆ ಕಾರಣ.

2020ನೆಯ ಇಸವಿಯ ಫೆಬ್ರವರಿ ತಿಂಗಳು. ಒಂಬತ್ತನೆಯ ತರಗತಿಗೆ ರನ್ನನ ಗದಾಯುದ್ಧದ ಕಥಾಭಾಗವನ್ನು ವಿವರಿಸುತ್ತಿದ್ದೆ. ದುರ್ಯೋಧನನು ವೈಶಂಪಾಯನ ಸರೋವರದಲ್ಲಿ ಅಡಗಿ ಕುಳಿತ ಸಂದರ್ಭ. ಹಿಂದಿನ ಬೆಂಚಿನ ಹುಡುಗನೊಬ್ಬನು ತಲೆ ತಗ್ಗಿಸಿ ಏನನ್ನೋ ಗೀಚುತ್ತಿದ್ದನು. ನೋಟುಪುಸ್ತಕವನ್ನು ಕಿತ್ತುಕೊಂಡು ನೋಡಿದರೆ, ಹಡಗಿನಂತಹ ಎರಡು ಆಕೃತಿಗಳು, ಒಂದು ಮೇಲೆ, ಒಂದು ಕೆಳಗೆ, ನಡುವೆ ಮೋಡ. ಅವನು ಎದ್ದು ನಿಂತು, “ಸರ, ದುರ್ಯೋಧನ ನೀರಾಗ ಅಡಗಿದಂಗ ಈ ಹಡಗ ಮೋಡದಾಗ ಅಡಗೇತ್ರಿ. ಎರಡೂ ಒಂದ ಅಲ್ರೀ?” ಎಂದನು. ತರಗತಿ ಗೊಳ್ಳೆಂದಿತು. ನಾನೂ ನಕ್ಕು, ಬಳಿಕ ಸಿಟ್ಟಾಗಿ, ಮಹಾಕವಿಯ ಪಕ್ಕದಲ್ಲಿ ಗೊಂಬೆಯಾಟವನ್ನು ತಂದಿಡುವೆಯಾ ಎಂದು ಗದರಿ, ನೋಟುಪುಸ್ತಕವನ್ನು ಕಪಾಟಿನೊಳಗಿಟ್ಟು ಬೀಗ ಹಾಕಿದೆನು. ವರ್ಷಾಂತ್ಯಕ್ಕೆ ಹಿಂದಿರುಗಿಸುವ ಉದ್ದೇಶವೇನೋ ಇತ್ತು. ಮಾರ್ಚಿಯಲ್ಲಿ ಮಹಾಮಾರಿಯ ನಿಮಿತ್ತ ಶಾಲೆಗಳೆಲ್ಲ ಮುಚ್ಚಿದವು.

ಆ ಬೇಸಿಗೆಯಲ್ಲಿ ಕಪಾಟಿನ ಕಾಗದಪತ್ರಗಳನ್ನು ಮನೆಗೆ ತಂದೆನು. ಹೊತ್ತು ಹೋಗದ ಒಂದು ಮಧ್ಯಾಹ್ನ ಆ ನೋಟುಪುಸ್ತಕವನ್ನು ತಿರುವಿದಾಗ ಕೊನೆಯ ಪುಟದಲ್ಲಿ ಒಂದು ಪಟ್ಟಿ ಕಂಡಿತು: ಆಂಗ್ಲ ಚಿತ್ರಗಳ ಹೆಸರುಗಳು, ದುಂಡಗಿನ ಕನ್ನಡ ಅಕ್ಷರಗಳಲ್ಲಿ. ಹುಡುಗನ ಸೋದರಮಾವನದು ಮೊಬೈಲ್ ರಿಪೇರಿಯ ಅಂಗಡಿ. ಅಲ್ಲಿ ಮೆಮೊರಿ ಕಾರ್ಡುಗಳಿಗೆ ತುಂಬಿಕೊಡುತ್ತಿದ್ದ ಚಿತ್ರಗಳು ಇವೆಂದು ಆಮೇಲೆ ತಿಳಿಯಿತು. ಇಂಜಿನಿಯರಿಂಗ್ ಓದುತ್ತಿದ್ದ ನನ್ನ ಮಗಳು ಮನೆಯಲ್ಲಿಯೇ ಇದ್ದಳು. ಅವಳ ಕಂಪ್ಯೂಟರಿನ ಮುಂದೆ ನಾನು ವಿದ್ಯಾರ್ಥಿಯಾಗಿ ಕುಳಿತೆನು.

ಪಟ್ಟಿಯ ಮೊದಲನೆಯದು 1977ರಲ್ಲಿ ಜಾರ್ಜ್ ಲ್ಯೂಕಸ್ ನಿರ್ದೇಶಿಸಿದ ‘ಸ್ಟಾರ್ ವಾರ್ಸ್’. ಲೋಕವೇ ಕೊಂಡಾಡಿದ ಆ ಅಂತಿಮ ಯುದ್ಧ, ನಿಜ ಹೇಳುವುದಾದರೆ, ನನ್ನನ್ನು ಅಷ್ಟಾಗಿ ತಟ್ಟಲಿಲ್ಲ. ನಿರ್ದೇಶಕರು ಎರಡನೆಯ ಮಹಾಯುದ್ಧದ ವಿಮಾನಕಾಳಗಗಳ ಹಳೆಯ ತುಣುಕುಗಳನ್ನು ಜೋಡಿಸಿಕೊಂಡು, ಅವುಗಳ ಗತಿಯನ್ನೇ ಅನುಸರಿಸಿ ತಮ್ಮ ವ್ಯೋಮನೌಕೆಗಳನ್ನು ಹಾರಿಸಿದರಂತೆ. ಆದುದರಿಂದಲೇ ಅವು ಗಾಳಿಯಿಲ್ಲದ ಎಡೆಯಲ್ಲಿಯೂ ಹದ್ದುಗಳಂತೆ ವಾಲಿ ತಿರುಗುತ್ತವೆ. ಶಬ್ದ ಸಂಚರಿಸಲಾರದ ಶೂನ್ಯದಲ್ಲಿ ಶತ್ರುನೌಕೆಗಳು ಕಿವಿಗಡಚಿಕ್ಕುವಂತೆ ಕಿರುಚುತ್ತವೆ. ಆದರೆ ಆ ಕಿರುಚಾಟದ ಮೂಲ ತಿಳಿದಾಗ ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಧ್ವನಿವಿನ್ಯಾಸಕ ಬೆನ್ ಬರ್ಟ್ ಅವರು ಆನೆಯ ಘೀಳನ್ನೂ ಒದ್ದೆ ರಸ್ತೆಯ ಮೇಲೆ ಕಾರು ಓಡುವ ಸದ್ದನ್ನೂ ಬೆರೆಸಿ ಅದನ್ನು ಸೃಷ್ಟಿಸಿದರಂತೆ! ಚತುರಂಗಬಲವಿಲ್ಲದೆ ಯುದ್ಧವರ್ಣನೆಯಿಲ್ಲವೆಂದು ನಮ್ಮ ಕವಿಗಳು ತಿಳಿದಿದ್ದರು; ಕ್ಯಾಲಿಫೋರ್ನಿಯಾದ ಆ ಯುವಕನಿಗೂ ಕೊನೆಗೆ ಗಜಘೋಷವೇ ಬೇಕಾಯಿತು. ಇರಲಿ.

ಪಟ್ಟಿಯ ಎರಡನೆಯ ಹೆಸರು ನನ್ನನ್ನು ಸುಲಭವಾಗಿ ಬಿಡಲಿಲ್ಲ. ‘ಸ್ಟಾರ್ ಟ್ರೆಕ್’ ಎಂಬ ಅಮೆರಿಕದ ದೂರದರ್ಶನ ಮಾಲಿಕೆಯಲ್ಲಿ 1966ರ ಡಿಸೆಂಬರ್ 15ರಂದು ಪ್ರಸಾರವಾದ ‘ಬ್ಯಾಲೆನ್ಸ್ ಆಫ್ ಟೆರರ್’ ಎಂಬ ಕಂತು ಅದು. ಜಲಾಂತರ್ಗಾಮಿಗಳನ್ನು ಕುರಿತ ಯುದ್ಧಚಿತ್ರಗಳ, ಅದರಲ್ಲಿಯೂ 1957ರ ‘ದಿ ಎನಿಮಿ ಬಿಲೋ’ ಚಿತ್ರದ, ಮಾದರಿಯಲ್ಲಿ ಹೆಣೆದ ಕಥೆ. ಕಣ್ಣಿಗೆ ಕಾಣದಂತೆ ಮರೆಯಾಗಬಲ್ಲ ನೌಕೆಯೊಂದು ಗಡಿಠಾಣೆಗಳನ್ನು ನಾಶಮಾಡಿ ತನ್ನ ಸೀಮೆಗೆ ಮರಳುತ್ತಿದೆ. ಎಂಟರ್‌ಪ್ರೈಸ್ ಎಂಬ ನೌಕೆ ಅದನ್ನು ಬೆನ್ನಟ್ಟುತ್ತದೆ. ಆಯುಧಪ್ರಯೋಗ ತೀರ ಸ್ವಲ್ಪ. ಹೆಚ್ಚಿನ ಹೊತ್ತು ಇಬ್ಬರು ನಾಯಕರು ಯಂತ್ರಗಳನ್ನೆಲ್ಲ ನಿಲ್ಲಿಸಿ, ಉಸಿರು ಬಿಗಿಹಿಡಿದು, ಎದುರಾಳಿ ಈಗ ಏನನ್ನು ಯೋಚಿಸುತ್ತಿರಬಹುದೆಂದು ಯೋಚಿಸುತ್ತ ಕುಳಿತಿರುತ್ತಾರೆ. ಅಡಗಿದವನಿಗೆ ಯುದ್ಧ ಸಾಕಾಗಿದೆ. ಜೊತೆಗಾರನಾದ ವೃದ್ಧಮಿತ್ರ ಕಣ್ಣೆದುರಿಗೆ ಸತ್ತಿದ್ದಾನೆ. ಆದರೂ ಸ್ವಾಮಿಕಾರ್ಯ ಬಿಡುವಂತಿಲ್ಲ. ಪರಸ್ಪರ ಮುಖ ನೋಡುವುದು ಕಟ್ಟಕಡೆಯಲ್ಲಿ, ಪರದೆಯ ಮೇಲೆ. ಬೇರೊಂದು ಕಾಲದಲ್ಲಿ ನಾವು ಸ್ನೇಹಿತರಾಗಬಹುದಾಗಿತ್ತೆಂಬ ಭಾವದ ಮಾತನ್ನಾಡಿ, ರಕ್ಷಣೆಯನ್ನು ನಿರಾಕರಿಸಿ, ಸೋತವನು ತನ್ನ ನೌಕೆಯನ್ನು ತಾನೇ ಸಿಡಿಸಿಕೊಳ್ಳುತ್ತಾನೆ. ಪಾತ್ರಧಾರಿ ಮಾರ್ಕ್ ಲೆನಾರ್ಡ್. ಆ ದಣಿದ ಮುಖವನ್ನು ನೋಡುತ್ತಿದ್ದಂತೆ ನಾನು ಮೂವತ್ತು ವರ್ಷ ಪಾಠ ಹೇಳಿದ ಕುರುಪತಿಯೇ ನೆನಪಾದನು. ಬಂಧುಗಳನ್ನೂ ಮಿತ್ರರನ್ನೂ ಕಳೆದುಕೊಂಡು, ನೀರಿನ ತಳದಲ್ಲಿ ಕುಳಿತು, ಬಾ ಎಂಬ ಕರೆಗೆ ಕಡೆಗೂ ಓಗೊಟ್ಟವನು. ಹುಡುಗ ತಪ್ಪು ಹೇಳಿರಲಿಲ್ಲ.

ಇನ್ನೊಂದು ಮಾತು. ಮಹಾಕಾವ್ಯಕ್ಕೆ ವಿಹಿತವಾದ ಅಷ್ಟಾದಶ ವರ್ಣನೆಗಳಲ್ಲಿ ಯುದ್ಧವೊಂದೇ ಅಲ್ಲ, ವಿವಾಹವೂ ಒಂದು. ಈ ಕಂತು ಆರಂಭವಾಗುವುದು ನೌಕೆಯೊಳಗಿನ ಒಂದು ಮದುವೆಯಿಂದ. ಮಂತ್ರವಚನ ಮುಗಿಯುವ ಮುನ್ನವೇ ಎಚ್ಚರಿಕೆಯ ಗಂಟೆ ಬಾರಿಸುತ್ತದೆ. ಕಥೆ ಮುಗಿಯುವಾಗ ಎಂಟರ್‌ಪ್ರೈಸಿನಲ್ಲಿ ಸತ್ತವನು ಒಬ್ಬನೇ, ಆ ವರ. ಗೆದ್ದ ನಾಯಕನು ವಧುವಿನ ಬಳಿಗೆ ಹೋಗಿ ನಿಲ್ಲುತ್ತಾನೆ. ಇಂತಹುದನ್ನು ಕರುಣವೆನ್ನದೆ ಬೇರೆ ಯಾವುದನ್ನು ಎನ್ನೋಣ?

ಹುಡುಗನು ಚಿತ್ರಿಸಿದ್ದ ಕಾಳಗ 1982ರಲ್ಲಿ ತೆರೆಕಂಡ, ನಿಕೊಲಸ್ ಮೇಯರ್ ನಿರ್ದೇಶನದ ‘ಸ್ಟಾರ್ ಟ್ರೆಕ್’ ಮಾಲಿಕೆಯ ಎರಡನೆಯ ಚಲನಚಿತ್ರದ್ದು. ಖಾನ್ ಎಂಬ ಪ್ರತಿನಾಯಕನು ಹಗೆತನದಿಂದ ಕುರುಡಾದವನು. ಅವನನ್ನು ಕರ್ಕ್ ಎಂಬ ನಾಯಕನು ಮಬ್ಬು ಮುಸುಕಿದ ನೀಹಾರಿಕೆಯೊಳಕ್ಕೆ ಸೆಳೆಯುತ್ತಾನೆ. ಅಲ್ಲಿ ರಕ್ಷಾಕವಚಗಳು ನಿಷ್ಪ್ರಯೋಜಕ, ಕಣ್ಣೂ ಕೆಲಸ ಮಾಡದು. ಖಾನ್ ಮಹಾಮೇಧಾವಿಯಾದರೂ ಸಮತಲದಲ್ಲಿ ಮಾತ್ರ ಯೋಚಿಸುತ್ತಾನೆಂಬುದನ್ನು ಸ್ಪಾಕ್ ಗಮನಿಸುತ್ತಾನೆ. ಅಂತರಿಕ್ಷಕ್ಕೆ ಮೇಲೂ ಉಂಟು, ಕೆಳಗೂ ಉಂಟು. ಎಂಟರ್‌ಪ್ರೈಸ್ ಸದ್ದಿಲ್ಲದೆ ಕೆಳಗೆ ಮುಳುಗಿ, ಶತ್ರು ಮುಂದೆ ಸಾಗಿದ ಮೇಲೆ ಅವನ ಹಿಂದೆ ಮೇಲೇಳುತ್ತದೆ. ನೋಟುಪುಸ್ತಕದಲ್ಲಿ ಈ ಚಲನೆಯನ್ನು ಹುಡುಗನು ನಾಲ್ಕು ಚೌಕಗಳಲ್ಲಿ, ಬಾಣದ ಗುರುತುಗಳೊಡನೆ, ಎಷ್ಟು ನಿರ್ದುಷ್ಟವಾಗಿ ಬರೆದಿದ್ದನೆಂದರೆ, ಚಿತ್ರ ನೋಡುವಾಗ ಮುಂದೇನೆಂಬುದನ್ನು ನಾನೇ ಮಗಳಿಗೆ ಹೇಳಿದೆ. ಆದರೆ ಅವನು ಬರೆಯದೆ ಬಿಟ್ಟ ಒಂದು ದೃಶ್ಯವಿದೆ. ಗೆಲುವಿನ ಬೆಲೆಯಾಗಿ ಸ್ಪಾಕ್ ವಿಕಿರಣದ ಕೋಣೆಯೊಳಗೆ ಸಾಯುತ್ತಾನೆ. ಮಿತ್ರನು ಗಾಜಿನ ಈಚೆ ನಿಂತು ನೋಡಬೇಕಾಗುತ್ತದೆ, ಮುಟ್ಟುವಂತಿಲ್ಲ. ನಾವು ಅದನ್ನು ನೋಡಿದ್ದು ಆ ವರ್ಷ. ನನ್ನ ಮಗಳು ಎದ್ದು ಒಳಗೆ ಹೋದಳು.

2015ರಿಂದ 2022ರವರೆಗೆ ನಡೆದ ‘ದಿ ಎಕ್ಸ್‌ಪ್ಯಾನ್ಸ್’ ಮಾಲಿಕೆಯೂ ಪಟ್ಟಿಯಲ್ಲಿತ್ತು. ಅಲ್ಲಿನ ನೌಕೆಗಳು ಹದ್ದಿನಂತೆ ವಾಲುವುದಿಲ್ಲ. ನ್ಯೂಟನ್ನನ ನಿಯಮಕ್ಕೆ ತಲೆಬಾಗಿ, ವೇಗವನ್ನು ತಗ್ಗಿಸಬೇಕಾದಾಗ ಹಿಮ್ಮುಖವಾಗಿ ತಿರುಗಿ ಯಂತ್ರವನ್ನು ಉರಿಸುತ್ತವೆ. ಭೌತಶಾಸ್ತ್ರದ ಅಧ್ಯಾಪಕ ಮಿತ್ರರಿಗೆ ಇದು ಹೆಚ್ಚು ರುಚಿಸೀತು.

ಕಡೆಯ ಹೆಸರು ಒಂದು ಸಂಖ್ಯೆ. ‘ಬ್ಯಾಟಲ್‌ಸ್ಟಾರ್ ಗ್ಯಾಲಾಕ್ಟಿಕಾ’ ಎಂಬ ಮಾಲಿಕೆಯಲ್ಲಿ 2004ರಲ್ಲಿ ಬ್ರಿಟನ್ನಿನಲ್ಲಿ ಮೊದಲು ಪ್ರಸಾರವಾದ, 2005ರ ಹ್ಯೂಗೋ ಪ್ರಶಸ್ತಿ ಪಡೆದ ‘33’ ಎಂಬ ಕಂತು. ಮನುಷ್ಯಕುಲ ನಾಶವಾಗಿ ಉಳಿದವರು ಐವತ್ತು ಸಾವಿರದಷ್ಟು ಜನ. ಅವರ ನೌಕೆಗಳ ಮೇಲೆ ಪ್ರತಿ 33 ನಿಮಿಷಕ್ಕೊಮ್ಮೆ ಶತ್ರುಗಳು ಎರಗುತ್ತಾರೆ. ಐದು ದಿನಗಳಿಂದ ಯಾರೂ ನಿದ್ದೆ ಮಾಡಿಲ್ಲ. ಇಲ್ಲಿ ಶೌರ್ಯಪ್ರದರ್ಶನವಿಲ್ಲ, ಕೆಂಪಾದ ಕಣ್ಣುಗಳು, ನಡುಗುವ ಕೈಗಳು, ಗಡಿಯಾರ. 1,345 ಜನರಿದ್ದ ಒಂದು ನೌಕೆ ಹಿಂದುಳಿದು, ಸಂಶಯಾಸ್ಪದವಾಗಿ ಮರಳಿ ಬಂದಾಗ ಅದನ್ನು ಸ್ವಪಕ್ಷದವರೇ ಹೊಡೆದುರುಳಿಸಬೇಕಾಗುತ್ತದೆ. ಅಧ್ಯಕ್ಷೆಯ ಪೀಠದಲ್ಲಿರುವವಳು ಹಿಂದೆ ಶಿಕ್ಷಣ ಮಂತ್ರಿಯಾಗಿದ್ದವಳು, ಅದಕ್ಕೂ ಪೂರ್ವದಲ್ಲಿ ಶಾಲಾ ಅಧ್ಯಾಪಿಕೆ. ಅವಳ ಹತ್ತಿರ ಒಂದು ಬಿಳಿಯ ಹಲಗೆ. ಅದರ ಮೇಲೆ ಬದುಕಿರುವವರ ಸಂಖ್ಯೆ. ಅಳಿಸುವುದು, ಬರೆಯುವುದು. ಕೊನೆಯಲ್ಲಿ ಒಂದು ನೌಕೆಯಲ್ಲಿ ಗಂಡುಮಗು ಹುಟ್ಟಿದ ಸುದ್ದಿ ಬರುತ್ತದೆ. ಅವಳು ಎದ್ದು ಹೋಗಿ ಸಂಖ್ಯೆಗೆ ಒಂದನ್ನು ಕೂಡಿಸುತ್ತಾಳೆ. ಅಷ್ಟಾದಶ ವರ್ಣನೆಗಳಲ್ಲಿ ಕುಮಾರೋದಯವೂ ಒಂದೆಂಬುದನ್ನು ಇಲ್ಲಿ ನಾನು ನೆನಪಿಸಬೇಕಾಗಿಲ್ಲ. ನಾನು ನೋಡಿದ ಯುದ್ಧಗಳಲ್ಲೆಲ್ಲ ಇದನ್ನೇ ಮೇಲೆಂದು ಎಣಿಸುತ್ತೇನೆ; ಗುಂಡುಗಳ ಲೆಕ್ಕವನ್ನಲ್ಲದೆ ಜನರ ಲೆಕ್ಕವನ್ನು ಇಟ್ಟ ಯುದ್ಧ ಇದೊಂದೇ.

2021ರ ಜನವರಿ 1ರಂದು ಹತ್ತನೆಯ ತರಗತಿಗಳು ಮರಳಿ ಆರಂಭವಾದವು. ತರಗತಿಯ ಉಪಾಧ್ಯಾಯನಾದ ನಾನು ವಾಡಿಕೆಯಂತೆ ಕಪ್ಪುಹಲಗೆಯ ಮೂಲೆಯಲ್ಲಿ ‘ಒಟ್ಟು 43’ ಎಂದು ಬರೆದು, ಹಾಜರಿ ಕೂಗಿದೆ. ಹಿಂದಿನ ಬೆಂಚಿನಿಂದ ಉತ್ತರ ಬರಲಿಲ್ಲ. ನೋಟುಪುಸ್ತಕ ನನ್ನ ಚೀಲದಲ್ಲಿಯೇ ಇತ್ತು. ಹುಡುಗನ ತಂದೆ ತೀರಿಕೊಂಡರೆಂದೂ ಅವನು ಕೆಲಸಕ್ಕೆ ಹೋಗುತ್ತಿದ್ದಾನೆಂದೂ ಸಹಪಾಠಿಗಳು ಹೇಳಿದರು. ಮನೆಗೆ ಎರಡು ಸಲ ಹೋದೆ, ಬೀಗ ಹಾಕಿತ್ತು. ಕೆಲವು ವಾರಗಳ ತರುವಾಯ ನಾನೇ ಹಲಗೆಯ ಅಂಕಿಯನ್ನು ಅಳಿಸಿ 42 ಎಂದು ಬರೆದೆ.

ಅವನು ಈಗ ಹುಬ್ಬಳ್ಳಿಯಲ್ಲಿ ಲಾರಿ ಗ್ಯಾರೇಜೊಂದರಲ್ಲಿದ್ದಾನೆಂದು ಕಳೆದ ತಿಂಗಳು ಅವನ ಸೋದರಮಾವನಿಂದ ತಿಳಿಯಿತು. ಹತ್ತನೆಯ ತರಗತಿಯ ಪರೀಕ್ಷೆಗೆ ಖಾಸಗಿ ಅಭ್ಯರ್ಥಿಯಾಗಿ ಕೂಡುವ ಅವಕಾಶವಿದೆ. ಅರ್ಜಿಯ ನಮೂನೆಯನ್ನು ತರಿಸಿಟ್ಟಿದ್ದೇನೆ. ಶುಲ್ಕವನ್ನು ನಾನು ಕಟ್ಟುವವನಿದ್ದೇನೆ. ನೋಟುಪುಸ್ತಕದ ಆ ಪುಟದಲ್ಲಿ, ನಾಲ್ಕು ಚೌಕಗಳ ಕೆಳಗೆ, ಕೆಂಪು ಮಸಿಯಲ್ಲಿ ಸರಿ ಗುರುತು ಹಾಕಿ ರುಜು ಮಾಡಿದ್ದೇನೆ. ಈ ಸಂಚಿಕೆ ಅಚ್ಚಾಗಿ ಬಂದೊಡನೆ ಒಂದು ಪ್ರತಿಯನ್ನೂ ಜೊತೆಗಿಟ್ಟುಕೊಂಡು, ಭಾನುವಾರದ ಮೊದಲ ಬಸ್ಸಿಗೆ ಹೊರಡಬೇಕೆಂದಿದ್ದೇನೆ.